ನಕಲು

ನಾಲ್ಕನೆಯ ಬೆಂಚಿನ ಹುಡುಗಿಯ ಜಡೆ ರಿಬ್ಬನ್ನಿನಿಂದ ನಾನು ಚೀಟಿ ಎಳೆದು ತೆಗೆದದ್ದು 2010ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ. ಅದರಲ್ಲಿದ್ದದ್ದು ವಿಜಯನಗರದ ಅರಸರ ಹೆಸರುಗಳು. "ಇನ್ನೊಬ್ಬರ ಶ್ರಮ ಕದಿಯೋಕೆ ನಾಚಿಕೆ ಆಗಲ್ವೇನೇ?" ಎಂದು ಎಲ್ಲರೆದುರು ಗದರಿದೆ. ಅವಳು ಅಳಲಿಲ್ಲ. ಸಣ್ಣ ದನಿಯಲ್ಲಿ, "ಮಿಸ್, ನಮ್ಮ ಕಂಪ್ಯೂಟರ್ ರೂಮಿನಲ್ಲಿರೋದೂ ಕಾಪಿ ಮಾಡಿದ್ದೇ ಅಂತೆ" ಎಂದಳು.

ನಿಜ. ಪೇಟೆಯ ಹುಡುಗನೊಬ್ಬ ಒಂದೇ ಸಿ.ಡಿ.ಯಿಂದ ಎಂಟೂ ಯಂತ್ರಗಳಿಗೆ ತುಂಬಿಸಿ, ಕಾಫಿ ಕುಡಿದು ಹೋಗಿದ್ದ. ಇದು ಅಸಲಿ ಪ್ರತಿಯಲ್ಲವೆಂದು ಪರದೆಯ ಮೂಲೆಯಲ್ಲಿ ದಿನವೂ ಬರೆದು ತೋರುತ್ತಿತ್ತು. ಅವನ ಕೈಗೆ ದುಡ್ಡು ಕೊಟ್ಟು, ರಶೀದಿ ಬೇಡವೆಂದವಳು ನಾನೇ!

ಆ ರಾತ್ರಿ ನಿದ್ದೆ ಹತ್ತಲಿಲ್ಲ. ದೇವನಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಅಜ್ಜಿ ಚಕ್ಕೋತದ ಕೊಂಬೆಗೆ ಗೂಟಿ ಕಟ್ಟಿ, ಬೇರು ಬಿಟ್ಟ ಮೇಲೆ ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಅದೂ ನಕಲೇ ಅಲ್ಲವೆ? ಮರ ಸವೆಯಲಿಲ್ಲ, ಪಡೆದವರನ್ನು ಯಾರೂ ಕಳ್ಳರೆನ್ನಲಿಲ್ಲ. ಹಾಗಾದರೆ ಯಾವ ನಕಲು ಕಳ್ಳತನ, ಯಾವುದು ಹಂಚಿಕೆ?

ಒಂದೆರಡು ವರ್ಷದಲ್ಲೇ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗೆ ಕರೆ ಬಂತು. ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸುತ್ತಿದ್ದ ಆ ತರಬೇತಿಯಲ್ಲಿ ಯಂತ್ರಗಳೆಲ್ಲ ಉಬುಂಟು. ಅದರ ತಿರುಳು ಲಿನಕ್ಸ್. ಅದನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದು ಊರಿಗೆಲ್ಲ ಹಂಚಿದ. ಮರುವರ್ಷ ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ್ದ ಪರವಾನಗಿಯನ್ನು ಅದಕ್ಕೆ ಹಾಕಿದ. ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ. ಹಂಚುವಾಗ ಪಡೆದವರಿಗೂ ಇದೇ ಹಕ್ಕನ್ನು ಕೊಡಿ. ಇಷ್ಟೇ ಷರತ್ತು. ನನಗೆ ಅಜ್ಜಿಯೇ ಕಂಡಳು. ಕಾಸರಗೋಡಿನ ಕನ್ನಡ ಶಾಲೆಯಲ್ಲಿರುವ ನನ್ನ ನಾದಿನಿಗೆ ಸಂಭ್ರಮದಿಂದ ಫೋನು ಮಾಡಿದರೆ, "ನಮ್ಮ ಮಕ್ಕಳು ಇದರಲ್ಲೇ ಪರೀಕ್ಷೆ ಬರೀತಾರೆ ಅತ್ತಿಗೆ" ಎಂದು ನಕ್ಕಳು.

ನಮ್ಮ ಎಂಟು ಯಂತ್ರಗಳಿಗೂ ಉಬುಂಟು ಬಂತು. ಹಳೆಯ ಪ್ರಶ್ನೆಪತ್ರಿಕೆ ತೆರೆದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ಸಹೋದ್ಯೋಗಿಗಳು ಒಂದು ತಿಂಗಳು ನನ್ನನ್ನು ಬೈದರು. ಆದರೂ ಮನಸ್ಸು ಹಗುರವಾಗಿತ್ತು.

ಆ ಹಗುರವೂ ಪೂರ್ತಿ ನ್ಯಾಯವಲ್ಲವೆಂದು ತಿಳಿದದ್ದು ತೀರ ಈಚೆಗೆ. ಅಂತರಜಾಲದ ಬಹುಪಾಲು ಸರ್ವರುಗಳು, ನಮ್ಮ ಕೈಯ ಆಂಡ್ರಾಯ್ಡ್ ಫೋನು, ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳು ಎಲ್ಲಕ್ಕೂ ಲಿನಕ್ಸೇ ಆಧಾರ. ಅದರ ಜೊತೆಗೆ ಬರುವ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶವನ್ನು ವರ್ಷಗಟ್ಟಲೆ ನೋಡಿಕೊಂಡವರು ಹೆಚ್ಚುಕಡಿಮೆ ಒಬ್ಬರೇ, ಅದೂ ಸಂಬಳವಿಲ್ಲದೆ. ದಣಿದಿದ್ದ ಅವರ ಬಳಿಗೆ ನೆರವಿನ ನೆಪದಲ್ಲಿ ಬಂದ ಯಾರೋ ಎರಡು ವರ್ಷ ನಂಬಿಕೆ ಗಳಿಸಿ, ಒಳಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರಿಗೆ ಲಾಗಿನ್ ಅರ್ಧ ಸೆಕೆಂಡು ನಿಧಾನವೆನಿಸಿ, ಅವರು ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಎಲ್ಲರೂ ಬಿಚ್ಚಿ ನೋಡಬಹುದಾದ್ದರಿಂದಲೇ ಸಿಕ್ಕಿತು, ಸರಿ. ಆದರೆ ನೋಡುತ್ತಿದ್ದವರೆಷ್ಟು ಮಂದಿ? ಬಿಟ್ಟಿಯಾಗಿ ಬಳಸಿದ ನಾವೆಲ್ಲ ಯಾರ ಬೆನ್ನ ಮೇಲೆ ಕೂತಿದ್ದೆವು? ಅಜ್ಜಿಯ ಗೂಟಿ ಒಯ್ದವರು ಮುಂದಿನ ಸಲ ಬರುವಾಗ ಬದನೆ ಸಸಿಯನ್ನೋ ಅವರೆಕಾಯನ್ನೋ ತರುತ್ತಿದ್ದರು. ಅದನ್ನು ನಾನು ಮರೆತೇಬಿಟ್ಟಿದ್ದೆ.

ನನಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಬರುವುದು ಸಮಾಜ ವಿಜ್ಞಾನದ ಪಾಠ. ನಮ್ಮ ತಾಲ್ಲೂಕಿನ ಕೆರೆಗಳ ಮೇಲೆ ಒಂದು ಪಾಠ ಬರೆದು, ಯಾರು ಬೇಕಾದರೂ ನಕಲು ಮಾಡಿಕೊಳ್ಳಲೆಂದು ಶಿಕ್ಷಕರ ಮುಕ್ತ ಸಂಪನ್ಮೂಲ ತಾಣಕ್ಕೆ ಹಾಕಿದೆ. ಆ ರಿಬ್ಬನ್ನಿನ ಹುಡುಗಿಯ ಕ್ಷಮೆಯನ್ನಂತೂ ಕೇಳಲಾಗಲಿಲ್ಲ; ಮದುವೆಯಾಗಿ ಯಾವ ಊರಿಗೆ ಹೋದಳೋ.

ವಾರದೊಳಗೆ ಗುರುತಿಲ್ಲದ ಯಾರೋ ನನ್ನ ಪಾಠದಲ್ಲಿ ಎರಡು ಕಾಗುಣಿತ ತಪ್ಪು ತಿದ್ದಿದ್ದರು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳಿಗೆ ಸಿಟ್ಟೇ ಬಂತು. ನೋಡಿದೆ, ಅವರು ತಿದ್ದಿದ್ದು ಸರಿಯಾಗಿಯೇ ಇತ್ತು.