ಕೈಯ ವ್ರತವೂ ನಾಲಗೆಯ ವ್ರತವೂ

ವ್ರತವನ್ನು ಸ್ವೀಕರಿಸುವ ದಿನಕ್ಕಿಂತ ಅದರ ಬೆಲೆಯನ್ನು ತೆರಬೇಕಾದ ದಿನ ಕಠಿಣವಾದುದು. ಒಬ್ಬ ಗೃಹಸ್ಥನು ತನ್ನ ಮಟ್ಟಿಗೆ ಅಹಿಂಸೆಯನ್ನು ಪಾಲಿಸಿ ನಷ್ಟಕ್ಕೊಳಗಾದರೆ ಆ ನಷ್ಟ ಅವನದೇ. ಆದರೆ ಲಕ್ಷಾಂತರ ಜನರ ಆಸೆಗಳನ್ನು ಹೊತ್ತ ನಾಯಕನೊಬ್ಬನು ರಕ್ತ ಹರಿಯಗೊಡೆನೆಂದು ನಿಶ್ಚಯಿಸಿದಾಗ ಅದರ ಬೆಲೆಯನ್ನು ತೆರುವವರು ಅನೇಕರು. ಹಾಗಿದ್ದಲ್ಲಿ ಅಂತಹ ನಿಶ್ಚಯ ಧರ್ಮವೋ ಅಥವಾ ನಂಬಿದವರಿಗೆ ಬಗೆದ ದ್ರೋಹವೋ? ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಜನನಾಯಕ ಡೇನಿಯಲ್ ಓಕಾನೆಲ್‌ನ ಜೀವನ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಓಕಾನೆಲ್ ಜನಿಸಿದ್ದು 1775ರ ಆಗಸ್ಟ್ 6ರಂದು, ಐರ್ಲೆಂಡಿನ ನೈಋತ್ಯ ತೀರದ ಕೆರಿ ಪ್ರಾಂತದಲ್ಲಿ. ದೇಶದ ಬಹುಸಂಖ್ಯಾತರಂತೆ ಅವನ ಕುಟುಂಬವೂ ಕ್ಯಾಥೊಲಿಕ್ ಮತಕ್ಕೆ ಸೇರಿತ್ತು. ಆ ಮತದವರಿಗೆ ಪಾರ್ಲಿಮೆಂಟಿನ ಬಾಗಿಲು ಮುಚ್ಚಿತ್ತು. ಶ್ರೀಮಂತ ದೊಡ್ಡಪ್ಪನ ಆಶ್ರಯದಲ್ಲಿ ಬೆಳೆದ ಬಾಲಕನು ವಿದ್ಯಾಭ್ಯಾಸಕ್ಕಾಗಿ ಫ್ರಾನ್ಸಿಗೆ ತೆರಳಿದನು. ಅಲ್ಲಿ ಕ್ರಾಂತಿಯ ಉಗ್ರತೆಯನ್ನು ಹತ್ತಿರದಿಂದ ಕಂಡು, ದೊರೆಯ ಶಿರಚ್ಛೇದವಾದ 1793ರ ಜನವರಿಯಲ್ಲಿಯೇ ಆ ದೇಶವನ್ನು ಬಿಟ್ಟನು. 1798ರಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದನು. ಅದೇ ವರ್ಷ ಐರ್ಲೆಂಡಿನಲ್ಲಿ ನಡೆದ ಬಂಡಾಯವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಈ ಎರಡು ಅನುಭವಗಳಿಂದ ಅವನಲ್ಲಿ ಒಂದು ನಂಬಿಕೆ ಬೇರೂರಿತು: ರಕ್ತದಿಂದ ಪಡೆದ ಸ್ವಾತಂತ್ರ್ಯವು ಬಡವನ ಮನೆಗೆ ಬೆಳಕನ್ನು ತರಲಾರದು.

ಆದರೆ ನಂಬಿಕೆಯು ವ್ರತವಾಗಿ ಮಾರ್ಪಡಲು ಒಂದು ಸಾವು ಬೇಕಾಯಿತು. 1815ರ ಆರಂಭದಲ್ಲಿ ಓಕಾನೆಲ್ ಡಬ್ಲಿನ್ ನಗರಸಭೆಯನ್ನು ಭಾಷಣವೊಂದರಲ್ಲಿ ಭಿಕಾರಿ ಸಭೆಯೆಂದು ಹೀಯಾಳಿಸಿದನು. ಅದರ ಸದಸ್ಯನಾದ ಡಿಎಸ್ಟರ್ ಎಂಬಾತನು ದ್ವಂದ್ವಯುದ್ಧಕ್ಕೆ ಕರೆದನು. ಆ ಕಾಲದ ಗಣ್ಯ ಸಮಾಜದಲ್ಲಿ ಇಂತಹ ಕರೆಯನ್ನು ನಿರಾಕರಿಸುವುದು ಹೇಡಿತನವೆನಿಸುತ್ತಿತ್ತು. ಫೆಬ್ರವರಿ 1ರಂದು ನಡೆದ ಕಾಳಗದಲ್ಲಿ ಓಕಾನೆಲ್‌ನ ಗುಂಡು ತಗಲಿ, ಡಿಎಸ್ಟರ್ ಎರಡು ದಿನಗಳ ಬಳಿಕ ಅಸುನೀಗಿದನು. ತನ್ನ ವರಮಾನದಲ್ಲಿ ಪಾಲು ಕೊಡುವುದಾಗಿ ಓಕಾನೆಲ್ ಮೃತನ ಪತ್ನಿಗೆ ತಿಳಿಸಿದನು. ಆಕೆ ತನಗೆಂದು ಅದನ್ನು ಒಪ್ಪಲಿಲ್ಲ. ಮಗಳಿಗಾಗಿ ಮಾತ್ರ ನೆರವನ್ನು ಸ್ವೀಕರಿಸಿದಳು. ಆ ನೆರವನ್ನು ಓಕಾನೆಲ್ ತನ್ನ ಜೀವಿತದ ಕೊನೆಯವರೆಗೂ ನಿಲ್ಲಿಸಲಿಲ್ಲ.

ಆದರೂ ಪಶ್ಚಾತ್ತಾಪವು ಒಮ್ಮೆಗೇ ಪೂರ್ಣವಾಗಲಿಲ್ಲ. ಅದೇ ವರ್ಷ ರಾಬರ್ಟ್ ಪೀಲ್‌ನೊಡನೆ ಇನ್ನೊಂದು ದ್ವಂದ್ವಯುದ್ಧಕ್ಕೆ ಆತ ಹೊರಟಿದ್ದನು. ಲಂಡನ್ನಿನಲ್ಲಿ ಅಧಿಕಾರಿಗಳು ತಡೆದುದರಿಂದ ಅದು ನಡೆಯಲಿಲ್ಲ. ಅನಂತರ ಮತ್ತೆಂದೂ ದ್ವಂದ್ವಯುದ್ಧಕ್ಕೆ ಇಳಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಹೇಡಿಯೆಂಬ ನಿಂದೆಯನ್ನು ಸಹಿಸಿ, ಅದನ್ನು ಪಾಲಿಸಿದನು.

ಸಾರ್ವಜನಿಕ ಜೀವನದಲ್ಲಿ ಆ ವ್ರತ ಮಹತ್ತರ ಫಲವನ್ನು ನೀಡಿತು. 1823ರಲ್ಲಿ ಸ್ಥಾಪನೆಯಾದ ಕ್ಯಾಥೊಲಿಕ್ ಸಂಘಕ್ಕೆ ಮರುವರ್ಷದಿಂದ ಬಡ ರೈತರು ತಿಂಗಳಿಗೊಂದು ಪೆನ್ನಿ ಕಾಣಿಕೆ ಸಲ್ಲಿಸತೊಡಗಿದರು. ಕಾನೂನಿನ ಚೌಕಟ್ಟಿನೊಳಗೇ ಇಡೀ ಜನತೆ ಸಂಘಟಿತವಾಯಿತು. 1828ರಲ್ಲಿ ಕ್ಲೇರ್ ಕ್ಷೇತ್ರದ ಉಪಚುನಾವಣೆಯಲ್ಲಿ ಸಣ್ಣ ಹಿಡುವಳಿದಾರರು ಜಮೀನುದಾರರ ಕೋಪಕ್ಕೆ ಅಂಜದೆ ಓಕಾನೆಲ್‌ನನ್ನು ಗೆಲ್ಲಿಸಿದರು. ಮರುವರ್ಷವೇ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಪ್ರವೇಶ ದೊರೆಯಿತು. ಒಂದು ಗುಂಡೂ ಹಾರದೆ ಶತಮಾನದ ನಿರ್ಬಂಧ ಕಳಚಿತು. ಆದರೆ ಅದರ ಜೊತೆಯಲ್ಲೇ ಸರಕಾರ ಮತದಾನದ ಆಸ್ತಿ ಅರ್ಹತೆಯನ್ನು 40 ಷಿಲಿಂಗಿನಿಂದ 10 ಪೌಂಡಿಗೆ ಏರಿಸಿತು. ಯಾರ ಧೈರ್ಯದಿಂದ ವಿಜಯ ಲಭಿಸಿತ್ತೋ ಆ ಬಡವರೇ ಮತದ ಹಕ್ಕನ್ನು ಕಳೆದುಕೊಂಡರು. ಅದನ್ನು ತಡೆಯಲು ಓಕಾನೆಲ್ ಶಕ್ತಿಮೀರಿ ಹೋರಾಡಲಿಲ್ಲವೆಂಬ ಆಕ್ಷೇಪ ಇಂದಿಗೂ ಉಳಿದಿದೆ. ಶಾಂತಿಯಿಂದ ದೊರೆತ ಜಯದಲ್ಲಿಯೂ ಯಾರ ಪಾಲು ಹೋಯಿತೆಂದು ಲೆಕ್ಕ ನೋಡುವುದು ಅಗತ್ಯವೆಂಬುದಕ್ಕೆ ಇದೊಂದು ನಿದರ್ಶನ.

ಈ ವ್ರತದಲ್ಲಿ ಇನ್ನೊಂದು ಊನವೂ ಇತ್ತು. ಕೈಯನ್ನು ಕಟ್ಟಿಕೊಂಡ ಓಕಾನೆಲ್ ನಾಲಗೆಯನ್ನು ಕಟ್ಟಿಕೊಳ್ಳಲಿಲ್ಲ. ಎದುರಾಳಿಗಳನ್ನು ಚುಚ್ಚುಮಾತುಗಳಿಂದ ಘಾಸಿಗೊಳಿಸುವುದು ಅವನ ಅಭ್ಯಾಸವಾಗಿತ್ತು. 1835ರಲ್ಲಿ ಆಲ್ವನ್ಲಿ ಪ್ರಭುವನ್ನು ಹೀಗೆಯೇ ನಿಂದಿಸಿದಾಗ, ತಂದೆಯ ಪ್ರತಿಜ್ಞೆಗೆ ಭಂಗ ಬಾರದಂತೆ ಮಗನಾದ ಮಾರ್ಗನ್ ದ್ವಂದ್ವಯುದ್ಧಕ್ಕೆ ನಿಂತನು. ಗುಂಡುಗಳು ಹಾರಿದರೂ ಅದೃಷ್ಟವಶಾತ್ ಯಾರೂ ಗಾಯಗೊಳ್ಳಲಿಲ್ಲ. ತಂದೆಯ ವ್ರತ ಅಕ್ಷರಶಃ ಉಳಿಯಿತು. ಆದರೆ ಅದರ ಅಪಾಯ ಮಗನ ಎದೆಗೆ ವರ್ಗವಾಯಿತು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳನ್ನೂ ಕಾಯಬೇಕೆಂದು ಹಿರಿಯರು ವಿಧಿಸಿರುವುದರ ಔಚಿತ್ಯವನ್ನು ಇಂತಹ ಪ್ರಸಂಗಗಳಲ್ಲಿ ಮನಗಾಣಬಹುದು. ತಾನು ಕೊಲ್ಲದಿದ್ದರೆ ಸಾಲದು. ತನ್ನ ಮಾತು ಮತ್ತೊಬ್ಬನ ಕೈಗೆ ಆಯುಧವನ್ನು ಕೊಡಬಾರದು.

ಇದೇ ಊನವು 1843ರಲ್ಲಿ ರಾಷ್ಟ್ರದ ಪ್ರಮಾಣದಲ್ಲಿ ಪ್ರಕಟವಾಯಿತು. 1801ರಿಂದ ಜಾರಿಯಲ್ಲಿದ್ದ ಬ್ರಿಟನ್ನಿನೊಡನೆಯ ಒಕ್ಕೂಟವನ್ನು ರದ್ದುಪಡಿಸಬೇಕೆಂದು ಓಕಾನೆಲ್ ಬೃಹತ್ ಸಭೆಗಳನ್ನು ನಡೆಸಿದನು. ಆಗಸ್ಟ್ 15ರಂದು ಪ್ರಾಚೀನ ಅರಸರ ಪೀಠವಾಗಿದ್ದ ತಾರಾ ಬೆಟ್ಟದಲ್ಲಿ ಹಲವು ಲಕ್ಷ ಜನ ಸೇರಿದರೂ ಶಾಂತಿ ಕದಡಲಿಲ್ಲ. ಆದರೆ ಅವನ ಮಾತುಗಳಲ್ಲಿ ರಣಕಹಳೆಯ ಧ್ವನಿ ಬೆರೆತಿತ್ತು. ಆ ಬೇಸಿಗೆಯಲ್ಲಿ ಮ್ಯಾಲೋ ಎಂಬಲ್ಲಿ, ತನ್ನನ್ನು ತುಳಿಯಬಯಸುವವರು ಹೆಣವನ್ನೇ ತುಳಿಯಬೇಕಾದೀತೆಂಬ ಅರ್ಥದಲ್ಲಿ ಗುಡುಗಿದ್ದನು. ಅಕ್ಟೋಬರ್ 8ಕ್ಕೆ ಕ್ಲೋಂಟಾರ್ಫ್‌ನಲ್ಲಿ ಸಭೆ ನಿಗದಿಯಾಗಿತ್ತು. ಹಿಂದಿನ ದಿನ ಸರಕಾರ ಅದನ್ನು ನಿಷೇಧಿಸಿ ಸೈನ್ಯವನ್ನೂ ಯುದ್ಧನೌಕೆಗಳನ್ನೂ ಸಜ್ಜುಗೊಳಿಸಿತು. ಓಕಾನೆಲ್ ಒಡನೆಯೇ ಸಭೆಯನ್ನು ರದ್ದುಪಡಿಸಿ, ದಾರಿಯಲ್ಲಿದ್ದ ಜನರನ್ನು ಹಿಂದಿರುಗಿಸಲು ದೂತರನ್ನು ಅಟ್ಟಿದನು. ಒಂದು ಜೀವವೂ ಹೋಗಲಿಲ್ಲ. ಆದರೆ ಆಂದೋಲನದ ಬೆನ್ನು ಮುರಿಯಿತು. 1844ರಲ್ಲಿ ಕೆಲವು ತಿಂಗಳು ಸೆರೆವಾಸವೂ ಪ್ರಾಪ್ತವಾಯಿತು.

ಕ್ಲೋಂಟಾರ್ಫ್‌ನ ನಿರ್ಧಾರ ಹೇಡಿತನವೆಂದು ತರುಣ ಅನುಯಾಯಿಗಳು ಬಗೆದರು. ಈ ಆಪಾದನೆ ವಿಚಾರಕ್ಕೆ ನಿಲ್ಲುವುದಿಲ್ಲ. ನಿರಾಯುಧರಾದ ಸ್ತ್ರೀಪುರುಷರನ್ನು ಫಿರಂಗಿಯ ಬಾಯಿಗೆ ನಡೆಸಿ, ಅವರ ಶವಗಳಿಂದ ರಾಜಕೀಯ ಲಾಭ ಪಡೆಯುವ ಹಕ್ಕು ಯಾವ ನಾಯಕನಿಗೂ ಇಲ್ಲ. ಸ್ವಂತ ಕೀರ್ತಿಯನ್ನು ಬಲಿಕೊಟ್ಟು ಪರರ ಪ್ರಾಣವನ್ನು ಉಳಿಸಿದವನನ್ನು ಹೇಡಿಯೆನ್ನಲಾಗದು. ದೋಷವಿದ್ದುದು ಆ ದಿನದ ಮೌನದಲ್ಲಿ ಅಲ್ಲ, ಹಿಂದಿನ ತಿಂಗಳುಗಳ ಗರ್ಜನೆಯಲ್ಲಿ. ಬಳಸಲೊಲ್ಲದ ಬಲವನ್ನು ಬಳಸುವವನಂತೆ ತೋರಿಸಿದ ಕಾರಣ, ಸಂಯಮವೇ ಸೋಲಿನಂತೆ ಕಂಡಿತು. ಸರಕಾರ ಬೆದರಲಿಲ್ಲ, ಜನರು ಭ್ರಮನಿರಸನಗೊಂಡರು.

ಅದೇ ನಾಲಗೆ ಪರಿಶುದ್ಧವಾಗಿ ನುಡಿದ ಸಂದರ್ಭವೂ ಉಂಟು. ಓಕಾನೆಲ್ ಗುಲಾಮಗಿರಿಯ ಕಡು ವಿರೋಧಿಯಾಗಿದ್ದನು. ಅಮೆರಿಕದಲ್ಲಿ ನೆಲಸಿದ ಐರಿಷ್ ಜನರಿಂದ ಅವನ ಚಳವಳಿಗೆ ಹಣ ಬರುತ್ತಿತ್ತು. ಹಾಗಿದ್ದೂ ಅಲ್ಲಿನ ಗುಲಾಮಪದ್ಧತಿಯನ್ನು ಆತ ನಿರ್ದಾಕ್ಷಿಣ್ಯವಾಗಿ ಖಂಡಿಸಿದ್ದರಿಂದ ದಕ್ಷಿಣ ಸಂಸ್ಥಾನಗಳ ಕೆಲವು ಬೆಂಬಲ ಸಂಘಗಳು ಮುಚ್ಚಿಹೋದವು. ಗುಲಾಮಗಿರಿಯಿಂದ ಪಾರಾಗಿ ಬಂದಿದ್ದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಡಬ್ಲಿನ್ನಿನಲ್ಲಿ ಅವನ ಭಾಷಣವನ್ನು ಕೇಳಿ ಮೆಚ್ಚಿದನು. ಇಲ್ಲಿ ಬೆದರಿಕೆಯೂ ಇಲ್ಲ, ನಿಂದೆಯ ಚಪಲವೂ ಇಲ್ಲ. ಸತ್ಯದ ಬೆಲೆಯನ್ನು ಆತ ತನ್ನದೇ ಚಳವಳಿಯ ಬೊಕ್ಕಸದಿಂದ ತೆತ್ತನು.

ಅಂತಿಮ ದಿನಗಳು ದುಃಖಮಯವಾದವು. 1845ರಿಂದ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿ ಭೀಕರ ಕ್ಷಾಮ ಆವರಿಸಿತು. 1846ರಲ್ಲಿ, ಯಾವ ಸನ್ನಿವೇಶದಲ್ಲಿಯೂ ಆಯುಧ ಹಿಡಿಯಲಾಗದೆಂಬ ನಿರ್ಣಯವನ್ನು ಒಪ್ಪದ ತರುಣರು ಸಂಘದಿಂದ ಹೊರನಡೆದರು. 1847ರ ಫೆಬ್ರವರಿಯಲ್ಲಿ ಓಕಾನೆಲ್ ಕುಗ್ಗಿದ ಸ್ವರದಲ್ಲಿ, ನೆರವು ಬಾರದಿದ್ದರೆ ತನ್ನ ಜನರಲ್ಲಿ ಕಾಲುಭಾಗ ಅಳಿಯುವುದೆಂದು ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದನು. ಮೇ 15ರಂದು ರೋಮ್ ಯಾತ್ರೆಯ ನಡುವೆ ಜಿನೋವಾದಲ್ಲಿ ಮರಣಹೊಂದಿದನು. ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು. 1848ರಲ್ಲಿ ತರುಣರು ಎಬ್ಬಿಸಿದ ಸಶಸ್ತ್ರ ದಂಗೆ ಅಲ್ಪಕಾಲದಲ್ಲಿಯೇ ಅಡಗಿತು. ಹಸಿದವರಿಗೆ ಅದರಿಂದ ಒಂದು ತುತ್ತೂ ದೊರೆಯಲಿಲ್ಲ.

ಈ ಜೀವನವನ್ನು ಒಟ್ಟಾಗಿ ಪರಿಭಾವಿಸಿದಾಗ, ಅಹಿಂಸೆಯನ್ನು ಆಯ್ದುದರಿಂದ ಓಕಾನೆಲ್ ಸೋತನೆನ್ನುವುದಕ್ಕೆ ಆಧಾರ ಕಾಣದು. ಅದನ್ನು ಅರ್ಧಕ್ಕೆ ನಿಲ್ಲಿಸಿದಲ್ಲಿ ಅವನು ಎಡವಿದನು. ಮನೆಯ ಪಾಲುಪಟ್ಟಿಯಲ್ಲಿ, ಸಂಸ್ಥೆಯ ಆಡಳಿತ ಸಭೆಯಲ್ಲಿ ಕೈ ಎತ್ತದ ಸಜ್ಜನರೂ ಮಾತಿನಿಂದ ಇರಿಯುವುದುಂಟು, ಮಾಡಲೊಲ್ಲದುದನ್ನು ಮಾಡುವೆನೆಂದು ಬೆದರಿಸುವುದುಂಟು. ಅಂತಹ ಮಾತು ಒಂದು ದಿನ ಆಡಿದವನ ಮುಂದೆಯೇ ಬಂದು ನಿಲ್ಲುತ್ತದೆ. ಆ ದಿನ ಆತ ಹಿಂಸೆಗೆ ಇಳಿಯಬೇಕು ಅಥವಾ ಸುಳ್ಳುಗಾರನೆನಿಸಿಕೊಳ್ಳಬೇಕು. ಕ್ಲೋಂಟಾರ್ಫ್‌ನಲ್ಲಿ ಓಕಾನೆಲ್ ಎರಡನೆಯದನ್ನು ಆರಿಸಿಕೊಂಡನು. ಅದು ಅವನ ಹಿರಿಮೆ. ಅಂತಹ ಇಕ್ಕಟ್ಟೇ ಒದಗದಂತೆ ಮೊದಲಿನಿಂದ ನುಡಿಯನ್ನು ತೂಗಿ ಆಡುವುದು ಅದಕ್ಕಿಂತಲೂ ಹಿರಿದಾದುದು.