ಮಗುವಿನ ತಟ್ಟೆಯಲ್ಲಿ ಉಳಿದ ಅನ್ನ

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನಡೆಯುವ ವಾಗ್ವಾದವೊಂದುಂಟು. ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಆಗತಾನೇ ಹಿಂದಿರುಗಿದ ತಾಯಿ ತಟ್ಟೆಯ ತುಂಬ ಹುಳಿಯನ್ನವನ್ನು ಒಂದೇ ಸಲಕ್ಕೆ ಬಡಿಸುತ್ತಾಳೆ. ಸಂಜೆ ಟ್ಯೂಷನ್ನಿನಿಂದ ಬರುವಾಗ ವಡಾಪಾವ್ ತಿಂದ ಮಗು ಅರ್ಧಕ್ಕೇ ‘ಸಾಕು’ ಎನ್ನುತ್ತದೆ. ‘ಅನ್ನ ಬಿಟ್ಟರೆ ಪಾಪ, ಪೂರ್ತಿ ಉಂಡು ಏಳು’ ಎಂದು ಅಜ್ಜಿ ಗದರಿಸುತ್ತಾರೆ.

ಅನ್ನವನ್ನು ನಿಂದಿಸಬಾರದೆಂಬುದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ವಿಧಿಸಿದ ವ್ರತ. ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ತಾನು ಕೇಳದ ಅನ್ನವನ್ನು ಬಿಟ್ಟ ಮಗುವಿಗೆ ಆ ದೋಷ ತಟ್ಟುವುದೇ? ಅಥವಾ ಅಳತೆಯರಿಯದೆ ಬಡಿಸಿದ ನಮಗೋ?

ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂದು ಗೀತೆಯ 6ನೆಯ ಅಧ್ಯಾಯ ಹೇಳುತ್ತದೆ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ 8ನೆಯ ಅಧ್ಯಾಯದಲ್ಲಿ ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡನ್ನು ಅನ್ನಕ್ಕೆ, ಒಂದನ್ನು ಪಾನಕ್ಕೆ, ಒಂದನ್ನು ವಾಯುವಿಗೆ ಇಟ್ಟಿದ್ದಾನೆ. ಚರಕನ ಪ್ರಕಾರ ಈ ಪ್ರಮಾಣವು ಅವರವರ ಜಠರಾಗ್ನಿಯನ್ನು ಅವಲಂಬಿಸಿದುದು. ಹಾಗಾದರೆ ಮಗುವಿನ ಹೊಟ್ಟೆಯ ಪಾಲನ್ನು ಸೌಟು ಹಿಡಿದ ನಾವು ಅರಿಯುವುದೆಂತು? ಅಮೆರಿಕದಲ್ಲಿ ಲಿಯಾನ್ ಬರ್ಚ್ ಎಂಬ ವಿದುಷಿಯೂ ಸಹೋದ್ಯೋಗಿಗಳೂ 1987ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿತು: ತಟ್ಟೆ ಬರಿದಾಗಿಸುವುದರತ್ತ ಗಮನ ಸೆಳೆಯಲ್ಪಟ್ಟ ಮಕ್ಕಳು ತಮ್ಮ ಹಸಿವು ತೃಪ್ತಿಗಳ ಸೂಚನೆಯಂತೆ ಉಣ್ಣಲಿಲ್ಲ, ಹೊಟ್ಟೆಯತ್ತ ಗಮನವಿಟ್ಟ ಮಕ್ಕಳು ಉಂಡರು.

ಹಾಗೆಂದು ಎಲ್ಲವನ್ನೂ ಮಕ್ಕಳಿಗೇ ಬಿಟ್ಟರೆ ದಿನವೂ ಆಲೂಗಡ್ಡೆಯೊಂದೇ ಪಲ್ಯವಾದೀತು ಎಂಬ ಆಕ್ಷೇಪವುಂಟು, ಅದು ಸುಳ್ಳಲ್ಲ. ಏನನ್ನು ಬೇಯಿಸಬೇಕು, ಯಾವಾಗ ಉಣ್ಣಬೇಕು ಎಂಬುದು ಹಿರಿಯರ ಅಧಿಕಾರ. ಎಷ್ಟು ಎಂಬುದು ಮಾತ್ರ ಮಗುವಿನದು.

ನಮ್ಮ ಪೂರ್ವಿಕರ ಬಾಳೆಯೆಲೆಯಲ್ಲಿ ಇವೆರಡಕ್ಕೂ ಎಡೆಯಿತ್ತು. ಅನ್ನ ಬರುವ ಮೊದಲೇ ಉಪ್ಪು, ಕೋಸಂಬರಿ, ಪಲ್ಯಗಳು ಸ್ವಲ್ಪಸ್ವಲ್ಪವೇ ಎಲೆಯ ಮೇಲುಭಾಗದಲ್ಲಿ ಕೂರುತ್ತಿದ್ದವು. ಬಳಿಕ ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಅನ್ನ. ಪ್ರತಿಸಲವೂ ಬಡಿಸುವವರು ಕೇಳುತ್ತಿದ್ದರು. ಸಾಕಾದವರು ಎಲೆಯ ಮೇಲೆ ಕೈಯಡ್ಡ ಹಿಡಿಯುತ್ತಿದ್ದರು. ಆ ಸಂದಿಯಿಂದಲೇ ಲಾಡು ಜಾರಿಸುವ ಮದುವೆಮನೆಯ ಬಂಧುಗಳ ಮಾತು ಬೇರೆ! ದೊಡ್ಡವರು ಅಡ್ಡ ಹಿಡಿದ ಕೈಗೆ ಸಲ್ಲುವ ಮರ್ಯಾದೆ ಮಗುವಿನ ಕೈಗೇಕೆ ಸಲ್ಲಬಾರದು? ಮಗು ಬಿಟ್ಟುದನ್ನು ತಾಯಿಯೇ ಉಂಡು ಮುಗಿಸುವ ರೂಢಿಯೂ ಇದೆ. ಎಂಜಲಿನ ವಿಚಾರದಲ್ಲಿ ಅಷ್ಟು ಕಟ್ಟುನಿಟ್ಟಾದ ನಾವು ಅಲ್ಲಿ ಮಾತ್ರ ಸುಮ್ಮನಿರುತ್ತೇವೆ.

ನವಿ ಮುಂಬಯಿಯ ನಮ್ಮ ಪರಿಚಿತರ ಮನೆಯಲ್ಲಿ ಎಂಟು ವರ್ಷದ ಬಾಲಕಿಯ ಕೈಗೇ ಸೌಟು ಕೊಟ್ಟರು. ಮೊದಲ ದಿನ ಆಕೆ ಹೆಚ್ಚು ಬಡಿಸಿಕೊಂಡು ಬಿಟ್ಟಳು; ಯಾರೂ ಗದರಲಿಲ್ಲ. ವಾರ ಕಳೆಯುವಷ್ಟರಲ್ಲಿ ಸ್ವಲ್ಪವೇ ಹಾಕಿಕೊಂಡು, ಬೇಕಾದರೆ ಮತ್ತೆ ಕೇಳುವುದನ್ನು ಕಲಿತಳು. ಈಗ ತಟ್ಟೆಯಲ್ಲಿ ಅನ್ನ ಉಳಿಯುವುದಿಲ್ಲ. ಹಾಗಲಕಾಯಿ ಪಲ್ಯದ ಒಂದು ಹೋಳು ಮಾತ್ರ ಇನ್ನೂ ಉಳಿಯುತ್ತದೆಯಂತೆ; ಅಜ್ಜಿಗೆ ಆ ಅಸಮಾಧಾನವಿದೆ.