ಪರಯನ ಮಗಳ ಸ್ವರ್ಗ



ಪ್ರೇಮಿಗಳು ಸಾಯುವ ಕಥೆಗೆ ನಾವು ಬೇಗ ಅಳುತ್ತೇವೆ. ವಿಧಿ, ಹಣೆಬರಹ ಎಂದು ಕಣ್ಣೊರೆಸಿಕೊಂಡು ಏಳುತ್ತೇವೆ. ಕಾರಣ ಕೇಳದ ಆ ಅಳು ಯಾರಿಗೆ ಅನುಕೂಲ?

ಫ್ರೆಂಚ್ ಸಂಗೀತಗಾರ ದೆಲಿಬ್ಸ್ ರಚಿಸಿದ 'ಲಕ್ಮೆ' ಎಂಬ ಒಪೆರಾ 1883ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂತು. ಒಪೆರಾ ಎಂದರೆ ನಮ್ಮ ಯಕ್ಷಗಾನದ ಹಾಗೆ ಹಾಡಿನಲ್ಲಿ ಸಾಗುವ ಕಥೆ. ಭಾಗವತರಿಲ್ಲ, ಪಾತ್ರಧಾರಿಯೇ ಹಾಡಬೇಕು. ಕಥೆ ನಡೆಯುವುದು ನಮ್ಮ ದೇಶದಲ್ಲೇ. ಪುರೋಹಿತ ನೀಲಕಂಠನ ಮಗಳು ಲಕ್ಮೆ ಬ್ರಿಟಿಷ್ ಅಧಿಕಾರಿ ಜೆರಾಲ್ಡ್‌ನನ್ನು ಪ್ರೀತಿಸಿ, ಕೊನೆಗೆ ದತ್ತೂರಿ ಎಲೆ ತಿಂದು ಸಾಯುತ್ತಾಳೆ.

ನನ್ನನ್ನು ಕಾಡಿದ್ದು ಆ ಸಾವಲ್ಲ, ನಡುವೆ ಬರುವ ಗಂಟೆಯ ಹಾಡು. ಮಗಳ ಪ್ರಿಯಕರನನ್ನು ಪತ್ತೆ ಹಚ್ಚಲು ತಂದೆಯೇ ಅವಳನ್ನು ಸಂತೆಯಲ್ಲಿ ನಿಲ್ಲಿಸಿ ಅದನ್ನು ಹಾಡಿಸುತ್ತಾನೆ. ಹಾಡಿನಲ್ಲಿರುವುದು ಒಬ್ಬ ಪರಯನ ಮಗಳು. ಕಾಡಿನಲ್ಲಿ ದಾರಿ ತಪ್ಪಿದ ಅಪರಿಚಿತನನ್ನು ಗಂಟೆಯ ಸದ್ದಿನಿಂದ ಮೃಗಗಳ ಬಾಯಿಂದ ಉಳಿಸುತ್ತಾಳೆ. ಅವನು ವಿಷ್ಣು! ಅವಳನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾನೆ.

ರಾಗ ಮಧುರವಾಗಿದೆ, ಇಲ್ಲವೆನ್ನಲಾರೆ. ಆದರೆ ಆ ಹುಡುಗಿಗೆ ಹೆಸರಿಲ್ಲ. ಜೀವ ಉಳಿಸಿದವಳು ಅವಳು, ಉದ್ಧಾರ ಮಾಡಿದ ಕೀರ್ತಿ ಅವನಿಗೆ. ಸ್ವರ್ಗದಲ್ಲಿ ಜಾಗ ಕೊಟ್ಟವರು ಊರಬಾವಿಯ ಕಟ್ಟೆಯ ಮೇಲೆ ಯಾಕೆ ಕೊಡಲಿಲ್ಲ?

ಬಾವಿ ಎಂದಾಗ ಶಾರ್ದೂಲಕರ್ಣಾವದಾನದ ಮಾತಂಗ ಹುಡುಗಿ ನೆನಪಾಗುತ್ತಾಳೆ. ಅವಳಿಗೆ ಹೆಸರಿದೆ, ಪ್ರಕೃತಿ. ಭಿಕ್ಷು ಆನಂದ ನೀರು ಕೇಳಿದ. ಅವಳು ಜಾತಿ ಹೇಳಿದಾಗ, ತಾನು ಕೇಳಿದ್ದು ನೀರನ್ನು ಎಂದ. ಅವಳಿಗೆ ಅವನ ಮೇಲೆ ಮನಸ್ಸಾಯಿತು. ಆ ಪ್ರೀತಿಯೂ ಕೈಗೂಡಲಿಲ್ಲ, ಅದನ್ನು ನಾವು ಮುಚ್ಚಿಡಬಾರದು. ಆದರೆ ಅವಳು ಸಾಯಲಿಲ್ಲ. ಭಿಕ್ಷುಣಿಯಾಗಿ, ಶ್ರಾವಸ್ತಿಯ ಬ್ರಾಹ್ಮಣರು ಸಿಟ್ಟಾಗುವ ಹಾಗೆ, ಇದೇ ನೆಲದ ಮೇಲೆ ಉಳಿದಳು.

ಪ್ರೀತಿ ಕೈಗೂಡಿದ ಕಥೆ ಬೇಕೆಂದರೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲೇ ಇದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ, ತಿಮ್ಮಿ ಇಬ್ಬರೂ ಹೊಲಗೇರಿಯವರು. ಒಡೆಯರು ತಿಮ್ಮಿಯನ್ನು ಬಚ್ಚನಿಗೆ ಗೊತ್ತು ಮಾಡಿದ್ದರು. ಗುತ್ತಿ ಅವಳನ್ನು ಕರೆದುಕೊಂಡು ಓಡಿದ. 2010ರಲ್ಲಿ ಮೈಸೂರಿನ ರಂಗಾಯಣ ಇದನ್ನು ಹಾಡುಗಳೊಂದಿಗೆ ಇಡೀ ರಾತ್ರಿ ಆಡಿತು. ನನ್ನ ಲೆಕ್ಕದಲ್ಲಿ ನಮ್ಮ ಒಪೆರಾ ಅದೇ. ಇಲ್ಲಿ ವಿಷ್ಣು ಬರುವುದಿಲ್ಲ. ತುಂಗೆ ಉಕ್ಕಿ ಹರಿಯುತ್ತಿದೆ, ಗುತ್ತಿಯ ನಾಯಿ ಹುಲಿಯ ಕೊಚ್ಚಿ ಹೋಗುತ್ತದೆ, ಇವರಿಬ್ಬರು ಹೊಳೆ ದಾಟುತ್ತಾರೆ.

ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕೂತವರಿಗೆ ಗೊತ್ತು, ಆಚೆ ದಡ ಸ್ವರ್ಗವಲ್ಲ. ಅಲ್ಲೂ ಗದ್ದೆ, ಕೂಲಿ, ಮಳೆ. ತಿಮ್ಮಿ ಕೇಳಿದ್ದು ಆ ದಡವನ್ನೇ.